ಪ್ಲೇಟಿನ ರೇಟು ಆಮೇಲೆ, ಮೊದಲು ತಲೆ ಎಣಿಸಿ

ಪ್ರಶ್ನೆ: ಸರ್, ನಮ್ಮದು ಆಳಂದ ತಾಲ್ಲೂಕಿನ ಹಳ್ಳಿ. ಏಪ್ರಿಲ್ ಕೊನೆಯಲ್ಲಿ ಮಗಳ ಮದುವೆ, ಕಲಬುರಗಿಯ ಕಲ್ಯಾಣ ಮಂಟಪದಲ್ಲಿ. ಊಟಕ್ಕೆ ಅಂತ ಮೂರೂವರೆ ಲಕ್ಷ ತೆಗೆದಿಟ್ಟಿದ್ದೇನೆ. ನಮ್ಮ ಕಡೆಯಿಂದ 800 ಕಾರ್ಡು ಹಂಚಬೇಕು. ಒಬ್ಬ ಕೇಟರಿಂಗ್‌ನವರು ಪ್ಲೇಟಿಗೆ 220 ರೂಪಾಯಿ, ಕನಿಷ್ಠ 1,500 ಪ್ಲೇಟು ಅಂದಿದ್ದಾರೆ. ಇನ್ನೊಬ್ಬರು, ಸಾಮಾನು ನೀವೇ ತನ್ನಿ, ನಮಗೆ ಕೂಲಿ ಕೊಟ್ಟರೆ ಸಾಕು ಅಂತಾರೆ. ಮನೆಯಲ್ಲಿ ತೊಗರಿ, ಜೋಳ ಇದೆ. ಬೀಗರು 22 ಐಟಂನ ಯಾದಿ ಕಳಿಸಿದ್ದಾರೆ. 220 ಜಾಸ್ತಿ ಆಯ್ತಾ? ಯಾರಿಗೆ ಕೊಡಲಿ?

ಉತ್ತರ: ನೀವು 220ರ ಬಗ್ಗೆ ಕೇಳಿದ್ದೀರಿ. ನನ್ನ ಕಣ್ಣು ಹೋಗಿದ್ದು ಆ 1,500ರ ಮೇಲೆ. ಅರ್ಧ ದಿನ ಚೌಕಾಸಿ ಮಾಡಿ ಪ್ಲೇಟಿಗೆ ಹತ್ತು ರೂಪಾಯಿ ಇಳಿಸಿದರೆ ಉಳಿಯುವುದು 15,000. ಬಾರದೇ ಇರುವ 250 ಜನರ ಊಟಕ್ಕೆ ಒಪ್ಪಿಕೊಂಡರೆ ಹೋಗುವುದು 55,000. ನಮ್ಮ ಕಡೆ ಮಾತುಕತೆಗೆ ಕೂತವರೆಲ್ಲ ರೇಟಿನ ಮೇಲೆ ಜಗ್ಗಾಡುತ್ತಾರೆ. ಸಂಖ್ಯೆಯ ಮಾತು ಬಂದ ಕೂಡಲೇ "ಹೂಂ, ಅಷ್ಟು ಮಂದಿ ಆಗ್ತಾರ ಬಿಡ್ರಿ" ಅಂದು ಚಹಾ ಕುಡಿದು ಏಳುತ್ತಾರೆ. ಮದುವೆ ಅಡುಗೆಯ ಲೆಕ್ಕ ಬರೆಯುವುದೇ ನನ್ನ ಕೆಲಸ. ಬಜೆಟ್ ಮೀರಿದ ಮನೆಗಳಲ್ಲಿ ಹೆಚ್ಚಾಗಿ ಕೈಕೊಟ್ಟಿದ್ದು ಸಂಖ್ಯೆ.

ಇನ್ನೊಂದು ಮಾತು. 1,500ಕ್ಕೆ 220ರಂತೆ 3,30,000 ಆಗುತ್ತದೆ. ಮೂರೂವರೆ ಲಕ್ಷದೊಳಗೆ ಬಂತಲ್ಲ ಅಂತ ನಿಮಗೆ ಸಮಾಧಾನ ಆಗಿರಬಹುದು. ಆದರೆ ಅದು ಮಧ್ಯಾಹ್ನದ ಒಂದು ಹೊತ್ತಿನ ಊಟ. ಹಿಂದಿನ ದಿನ ಸಂಜೆ ಬೀಗರ ಮಂದಿ ಬಂದಿಳಿಯುತ್ತಾರೆ. ಚಹಾ ಬೇಕು, ರಾತ್ರಿ ಊಟ ಬೇಕು. ಬೆಳಿಗ್ಗೆ ಅರಿಶಿಣ, ಸುರಗಿ (ಮದುಮಕ್ಕಳ ಸ್ನಾನದ ಶಾಸ್ತ್ರ) ನಡೆಯುವಾಗ ನಾಷ್ಟಾ ಬೇಕು. ಮಗಳನ್ನು ಕಳಿಸುವಾಗ ಬುತ್ತಿ ಕಟ್ಟಬೇಕು. ಕೇಟರಿಂಗ್‌ನವರನ್ನು ಕೇಳಿದರೆ "ಯಜಮಾನ್ರ, ಅದೇನ್ ದೊಡ್ಡ ಮಾತ್ರೀ, ನಾ ನೋಡ್ಕೋತೀನಿ" ಅಂತಾರೆ. ನೋಡಿಕೊಳ್ಳುತ್ತಾರೆ, ನಿಜ. ಬಿಲ್ಲಿನಲ್ಲಿ ಬರೆಯುತ್ತಾರೆ ಕೂಡ.

ಲೆಕ್ಕಕ್ಕೆ ಅಂತ ರಾತ್ರಿ ಊಟಕ್ಕೆ 120, ನಾಷ್ಟಾಕ್ಕೆ 60 ಹಿಡಿಯೋಣ. ನಿಮ್ಮ ಕೈಗೆ ಬಂದ ರೇಟು ಬೇರೆ ಇದ್ದರೆ ಅದನ್ನೇ ಹಾಕಿ. ರಾತ್ರಿ 400 ಜನ ಅಂದರೆ 48,000. ಬೆಳಿಗ್ಗೆ ಅಷ್ಟೇ ಜನಕ್ಕೆ 24,000. ಮಧ್ಯಾಹ್ನದ್ದು ಸೇರಿ 4,02,000. ಇದರ ಮೇಲೆ ಜಿಎಸ್‌ಟಿ. ಹೊರಗೆ ಬಂದು ಅಡುಗೆ ಮಾಡಿಕೊಡುವ ಕೇಟರಿಂಗ್‌ಗೆ 2019ರ ಅಕ್ಟೋಬರ್‌ನಿಂದ ಸಾಮಾನ್ಯವಾಗಿ 5%. ಅದು 20,100. ಕುಡಿಯುವ ನೀರು, ಎಲೆ ಅಡಿಕೆ, ಚಹಾ, ಬುತ್ತಿ ಸೇರಿ 20,000 ಇಟ್ಟರೆ ಒಟ್ಟು 4,42,100. ನಿಮ್ಮ ಗಂಟಿಗಿಂತ 92,000 ಜಾಸ್ತಿ. ಅದೂ ಒಂದು ಪ್ಲೇಟು ಹೆಚ್ಚಾಗದೆ ಇದ್ದರೆ.

ಹಾಗಾಗಿ ಮೊದಲು ತಲೆ ಎಣಿಸೋಣ. ಕಾರ್ಡಿನ ಸಂಖ್ಯೆಯನ್ನು ಎರಡರಿಂದಲೋ ಮೂರರಿಂದಲೋ ಗುಣಿಸಿ ಜನ ಎಷ್ಟು ಅಂತ ಹೇಳುವವರನ್ನು ನಂಬಬೇಡಿ. ಎಲ್ಲ ಕಾರ್ಡೂ ಒಂದೇ ಅಲ್ಲ. 800 ಕಾರ್ಡನ್ನು ಮೂರು ಗುಂಪು ಮಾಡಿ.

ಒಂದು, ಸ್ವಂತ ಬಳಗ. ಅಣ್ಣ ತಮ್ಮಂದಿರು, ಅಕ್ಕ ತಂಗಿಯರು, ಸೋದರಮಾವಂದಿರು, ಅವರ ಮಕ್ಕಳು. ಇವರು ಮನೆಗೆ ಬೀಗ ಹಾಕಿಕೊಂಡು ಬರುತ್ತಾರೆ. ಇಂಥ 120 ಕಾರ್ಡು ಇದ್ದರೆ ಮನೆಗೆ ನಾಲ್ಕರಂತೆ 480.

ಎರಡು, ನಿಮ್ಮ ಊರು ಮತ್ತು ಸುತ್ತಲಿನ ಹಳ್ಳಿ. ಮದುವೆ ಊರಲ್ಲೇ ಆಗಿದ್ದರೆ ಊರಿಗೆ ಊರೇ ಊಟಕ್ಕೆ ಬರುತ್ತಿತ್ತು. ಮಂಟಪ ಇರುವುದು ಕಲಬುರಗಿಯಲ್ಲಿ. ಆಳಂದ ಕಡೆಯಿಂದ ಬಿಸಿಲಲ್ಲಿ ಬಸ್ ಹತ್ತಿ ಬರುವವರು ಮನೆಗೆ ಒಬ್ಬರು, ಅದೂ ಎಲ್ಲ ಮನೆಯಿಂದ ಅಲ್ಲ. ಆದರೆ ನೀವೇ ಗಾಡಿ ಮಾಡಿ ಕಳಿಸಿದರೆ ಲೆಕ್ಕ ಬದಲಾಗುತ್ತದೆ. ಗಾಡಿಯಲ್ಲಿ ಎಷ್ಟು ಸೀಟೋ ಅಷ್ಟು ಪ್ಲೇಟು, ನಿಂತು ಬರುವವರೂ ಸೇರಿ. ಎರಡು ಬಸ್ಸಿಗೆ 110 ಅಂತ ಹಿಡಿಯಿರಿ, ಬೈಕು ಜೀಪಿನಲ್ಲಿ ಬರುವವರು 80. ಕಾರ್ಡು 250 ಆದರೂ ಜನ 190. ಗಾಡಿ ಗೊತ್ತು ಮಾಡುವ ಭಾವನೋ ಅಳಿಯನೋ ಉಮೇದಿನಲ್ಲಿ "ಇನ್ನೊಂದು ಗಾಡಿ ಇರ್ಲಿ" ಅಂದರೆ, ಆ ಬಾಡಿಗೆಯ ಹಿಂದೆ ಹನ್ನೆರಡು ಸಾವಿರದಷ್ಟು ಊಟದ ಖರ್ಚೂ ಬರುತ್ತದೆ ಅಂತ ಅವರಿಗೆ ತಿಳಿಸಿ.

ಮೂರು, ಪೇಟೆಯ ಪರಿಚಯ. ಗಂಜ್‌ನ (ಧಾನ್ಯ ಮಾರುಕಟ್ಟೆಯ) ಅಡತಿ ಅಂಗಡಿಯವರು, ಬ್ಯಾಂಕಿನವರು, ಮಕ್ಕಳ ಜೊತೆ ಕೆಲಸ ಮಾಡುವವರು. ಇವರಲ್ಲಿ ಸುಮಾರು ಜನ ಬಂದು, ಅಕ್ಕಿಕಾಳು ಹಾಕಿ, ಫೋಟೋ ತೆಗೆಸಿಕೊಂಡು ಹೋಗಿಬಿಡುತ್ತಾರೆ. ಅದಕ್ಕೂ ಕಾರಣ ಇದೆ. ಏಪ್ರಿಲ್ ಕೊನೆ ಅಂದರೆ ಬಸವ ಜಯಂತಿ, ಅಕ್ಷಯ ತೃತೀಯದ ಆಸುಪಾಸು. ಒಳ್ಳೆಯ ಮುಹೂರ್ತ ಇರುವ ದಿನ ಒಬ್ಬೊಬ್ಬರ ಕೈಯಲ್ಲಿ ಮೂರು ನಾಲ್ಕು ಕಾರ್ಡು ಇರುತ್ತವೆ. ಊಟ ಮಾಡುವುದು ಒಂದೇ ಕಡೆ ಅಲ್ವಾ? 430 ಕಾರ್ಡಿಗೆ 260 ಜನ ಅಂದುಕೊಳ್ಳಿ. ನಿಮ್ಮ ಮದುವೆ ಅಂಥ ಜೋರು ಮುಹೂರ್ತದ ದಿನ ಅಲ್ಲದಿದ್ದರೆ ಇದಕ್ಕೆ ಇನ್ನೊಂದು ಐವತ್ತು ಸೇರಿಸಿ.

ಬೀಗರ ಕಡೆಯವರು ಬೇರೆ. ಅವರನ್ನು "ಎಷ್ಟು ಜನ ಬರ್ತೀರಿ" ಅಂತ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಕೇಳುವುದೂ ಕಷ್ಟ. "ಎಷ್ಟು ಗಾಡಿ ಬರ್ತಾವ್ರಿ, ಪಾರ್ಕಿಂಗ್ ನೋಡಬೇಕಿತ್ತು" ಅಂತ ಕೇಳಿ. ಸಂಖ್ಯೆ ತಾನಾಗಿ ಬರುತ್ತದೆ. 300 ಅಂತ ಇಟ್ಟುಕೊಳ್ಳೋಣ. ಎಲ್ಲ ಕೂಡಿಸಿದರೆ 1,230. ಲೆಕ್ಕಕ್ಕೆ 1,250.

ಈಗ ಆ 1,500ಕ್ಕೆ ಬರೋಣ. ಕನಿಷ್ಠ ಪ್ಲೇಟು ಅಂದರೆ ಜನ ಬರಲಿ ಬಿಡಲಿ ನೀವು ದುಡ್ಡು ಕಟ್ಟಲೇಬೇಕಾದ ಸಂಖ್ಯೆ. ನಿಮ್ಮ ಅಂದಾಜಿಗಿಂತ ಇದು ಕೆಳಗೆ ಇರಬೇಕು, ಮೇಲೆ ಇರಬಾರದು. 1,250 ಅಂದಾಜು ಇದ್ದರೆ 1,100ಕ್ಕೆ ಒಪ್ಪಿಸಿ. ಜೊತೆಗೆ, 1,400ರ ತನಕ ಬಂದರೂ ಅದೇ ರೇಟಿನಲ್ಲಿ ಊಟ ಕೊಡಬೇಕು ಅಂತ ಬರೆಸಿಕೊಳ್ಳಿ. ಕೇಟರಿಂಗ್‌ನವರು ಹೇಗೂ ಸ್ವಲ್ಪ ಜಾಸ್ತಿ ಸಾಮಾನು ತಂದಿರುತ್ತಾರೆ. ಬೇಳೆ, ಹಿಟ್ಟು, ಅಕ್ಕಿ ಇದ್ದರೆ ಇನ್ನೊಂದು ಹಂಡೆ ಏರಿಸಲು ತಾಸು ಸಾಕು. ಇದಕ್ಕೆ ಒಪ್ಪದವರು 1,500 ಪ್ಲೇಟಿನ ದುಡ್ಡು ತಗೊಂಡು 1,200 ಜನಕ್ಕೆ ಅಡುಗೆ ಮಾಡುವ ಲೆಕ್ಕದಲ್ಲಿ ಇರುತ್ತಾರೆ.

ಪ್ಲೇಟು ಎಣಿಸುವುದು ಹೇಗೆ ಅಂತಲೂ ಮೊದಲೇ ಮಾತಾಡಿ. ಕೊನೆಯಲ್ಲಿ ಜಗಳ ಆಗುವುದು ಇಲ್ಲೇ. ಪಂಕ್ತಿ ಊಟ ಆದರೆ ಸುಲಭ, ಒಂದು ಸಲಕ್ಕೆ ಕೂರುವವರ ಸಂಖ್ಯೆಯನ್ನು ಪಂಕ್ತಿಗಳಿಂದ ಗುಣಿಸಿದರೆ ಆಯಿತು. ಬಫೆಯಲ್ಲಿ ಹಾಗಲ್ಲ. ಮಿರ್ಚಿ ಭಜಿ ಬಿಸಿಯಾಗಿ ಬಂತು ಅಂತ ಹುಡುಗರು ಇನ್ನೊಂದು ತಾಟು ಹಿಡಿಯುತ್ತಾರೆ. ಮಗುವಿಗೆ ಅಂತ ತಾಯಿ ಒಂದು ತಾಟು ತಗೊಂಡು, ಎರಡು ತುತ್ತು ತಿನ್ನಿಸಿ ಕುರ್ಚಿ ಕೆಳಗೆ ಇಡುತ್ತಾಳೆ. ಬಂದವರ ಸಂಖ್ಯೆ ಒಂದು, ಬಳಸಿದ ತಾಟಿನ ಸಂಖ್ಯೆ ಇನ್ನೊಂದು. ಸ್ಟೀಲು ಅಥವಾ ಮೆಲಮೈನ್ ತಾಟು ಆದರಂತೂ ತೊಳೆದದ್ದು ಮತ್ತೆ ಟೇಬಲ್ಲಿಗೆ ಬರುತ್ತದೆ, ಯಾವುದು ಎಷ್ಟನೇ ಸಲ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬಳಸಿ ಬಿಸಾಡುವ ತಾಟು ಇದ್ದರೆ ಅದನ್ನು ನೀವೇ ಖರೀದಿ ಮಾಡಿ. ಕಟ್ಟು ಒಡೆಯದೆ ಎಣಿಸಿ ಒಪ್ಪಿಸಿ, ಉಳಿದದ್ದು ವಾಪಸ್ ತಗೊಳ್ಳಿ. ಅದೇ ಲೆಕ್ಕ. ತೊಳೆಯುವ ತಾಟಾದರೆ ಮೊದಲ ತಾಟು ಎತ್ತುವ ಜಾಗದಲ್ಲಿ ನಿಮ್ಮ ಕಡೆಯ ಒಬ್ಬ ಹುಡುಗ, ಅವರ ಕಡೆಯ ಒಬ್ಬ, ಇಬ್ಬರೂ ನಿಂತು ಐವತ್ತಕ್ಕೊಂದು ಗೆರೆ ಹಾಕಲಿ. ಕೂಪನ್ ಕೊಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಮ್ಮ ಕಡೆ ಮದುವೆ ಊಟಕ್ಕೆ ಚೀಟಿ ಕೇಳಿದರೆ ಬಳಗ ಆ ಮಾತನ್ನು ಮೊಮ್ಮಕ್ಕಳ ಮದುವೆ ತನಕ ಎತ್ತಾಡುತ್ತದೆ.

ಇನ್ನು 22 ಐಟಂ. ಊಟ ನಡೆಯುವಾಗ ಒಂದು ಸಲ ಕೈ ತೊಳೆಯುವ ಕಡೆ ಹೋಗಿ, ಎಂಜಲು ಹಾಕುವ ಡ್ರಮ್ ನೋಡಿ. ನಾನು ಪ್ರತಿ ಮದುವೆಯಲ್ಲೂ ನೋಡುತ್ತೇನೆ. ಮೇಲೆ ಕಾಣುವುದು ಪುಲಾವ್. ಅದರ ಜೊತೆ ಎರಡನೇ ಸಿಹಿ, ಅರ್ಧ ಕಡಿದ ರುಮಾಲಿ ರೊಟ್ಟಿ, ತಣ್ಣಗಾಗಿ ರಬ್ಬರಿನಂತಾದ ಪನೀರ್ ತುಂಡು, ಗೋಬಿ ಮಂಚೂರಿ. ಎಣ್ಣೆಗಾಯಿ ಕಾಣುವುದಿಲ್ಲ. ಶೇಂಗಾ ಹಿಂಡಿ (ಚಟ್ನಿಪುಡಿ) ಕಾಣುವುದಿಲ್ಲ. ಹೋಳಿಗೆ ಕಂಡರೂ ಒಂದು ಚೂರು. ಬೀಗರ ಯಾದಿಯಲ್ಲಿ ಡ್ರಮ್‌ಗೆ ಹೋಗುವ ಸಾಮಾನು ಯಾವುದು ಅಂತ ನಿಮಗೇ ಗೊತ್ತಾಗುತ್ತದೆ.

ನನ್ನ ಆಯ್ಕೆ ಹೇಳುತ್ತೇನೆ. ಖಡಕ್ ರೊಟ್ಟಿ, ಎಣ್ಣೆಗಾಯಿ, ಒಂದು ಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಹೋಳಿಗೆ, ತುಪ್ಪ. ಬಿಳಿ ಅನ್ನ, ಕಟ್ಟಿನ ಸಾರು, ಮಿರ್ಚಿ ಭಜಿ, ಹಪ್ಪಳ, ಉಪ್ಪಿನಕಾಯಿ, ಮಜ್ಜಿಗೆ. ಮಕ್ಕಳಿಗೆ ಚಪಾತಿ ಇರಲಿ. ಹದಿನಾಲ್ಕು ಆಯಿತು. ಹೋಳಿಗೆ ಮಾಡಿದರೆ ಬೇಳೆ ಬೇಯಿಸಿದ ಕಟ್ಟು ಹೇಗೂ ಇರುತ್ತದೆ, ಸಾರಿಗೆ ಬೇರೆ ಬೇಳೆ ಬೇಯಿಸುವುದು ತಪ್ಪುತ್ತದೆ. ಹೋಳಿಗೆಗೆ ಕೂಲಿ ಜಾಸ್ತಿ, ಬಡಿಯುವವರು ಬೇಕು. ಅದು ಆಗಲ್ಲ ಅಂದರೆ ಗೋಧಿ ಹುಗ್ಗಿ ಮಾಡಿಸಿ. ಹುಗ್ಗಿ ಮೇಲೆ ತುಪ್ಪ ಬಿದ್ದರೆ ಯಾರೂ ಕಡಿಮೆ ಆಯ್ತು ಅನ್ನುವುದಿಲ್ಲ.

ಬೀಗರಿಗೆ ಹೇಳುವುದು ಹೇಗೆ? ಯಾದಿ ಕಡಿಮೆ ಮಾಡಿದ್ದೇವೆ ಅಂತ ಹೇಳಬೇಡಿ. "ನಿಮ್ಮ ಕಡೆ ಹಿರಿಯರಿಗೆ ಸಿಹಿ ಯಾವುದು ಸೇರ್ತದ್ರಿ, ಹೋಳಿಗೀನೋ ಹುಗ್ಗೀನೋ" ಅಂತ ಅವರನ್ನೇ ಆರಿಸಲು ಬಿಡಿ. ಮನೆಯ ಹೆಂಗಸರು ಅವರ ಮನೆಯ ಹೆಂಗಸರ ಜೊತೆ ಮಾತಾಡಿದರೆ ಇನ್ನೂ ಒಳ್ಳೆಯದು. ಅಷ್ಟಾಗಿಯೂ ಒಂದು ಐಟಂಗೆ ಹಟ ಹಿಡಿದರೆ ಅದನ್ನು ಹಿಂದಿನ ರಾತ್ರಿಗೆ ಹಾಕಿ. ಅಲ್ಲಿ 1,250ರ ಬದಲು 300 ಜನ. ಮೊದಲು ರಾತ್ರಿಗೆ 400 ಹಿಡಿದಿದ್ದೆವು, ತಲೆ ಎಣಿಸಿದ ಮೇಲೆ ಅದನ್ನೂ 300ಕ್ಕೆ ಇಳಿಸೋಣ.

ಯಾರಿಗೆ ಕೊಡಲಿ ಅಂತ ಕೇಳಿದ್ದೀರಿ. ಕೂಲಿ ಅಡುಗೆ ಲೆಕ್ಕದಲ್ಲಿ ಅಗ್ಗ ಕಾಣುತ್ತದೆ, ಅಗ್ಗ ಆಗಲೂಬಹುದು. ಮದುವೆ ಮನೆ ಮುಂದೆ ಚಪ್ಪರ ಹಾಕಿ ನಡೆಯುವುದಾಗಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ. ಆದರೆ ಸಾಮಾನು ನಿಮ್ಮದು ಅಂದರೆ ಸಾಮಾನಿನ ಕೋಣೆಯ ಕೀಲಿ ಹಿಡಿದು ಕೂರುವ ಒಬ್ಬರು ಬೇಕು. ಶಾಸ್ತ್ರಕ್ಕೆ ಕರೆಯುವಂಥ ಮಾವನೋ ಕಾಕನೋ ಆಗಬಾರದು. ರಾತ್ರಿ ಹನ್ನೊಂದಕ್ಕೆ ಇನ್ನೊಂದು ಎಣ್ಣೆ ಡಬ್ಬಿ ಬೇಕು ಅಂತ ಬಂದಾಗ, ಮೊದಲಿನದು ಖಾಲಿಯಾಗಿದೆಯಾ ಅಂತ ಹೋಗಿ ಬಗ್ಗಿ ನೋಡಿ ಬರುವ ಆಸಾಮಿ ಬೇಕು. ಮೇಲಾಗಿ ಅಡುಗೆಯವರು ಬರೆಯುವ ಯಾದಿ ಯಾವಾಗಲೂ ದಪ್ಪ ಇರುತ್ತದೆ. ಕಡಿಮೆ ಬಿದ್ದರೆ ಹೆಸರು ಅವರದು ಕೆಡುತ್ತದೆ, ಜಾಸ್ತಿ ಆದರೆ ದುಡ್ಡು ನಿಮ್ಮದು. ಇದರ ಮೇಲೆ ಬಾಂಡೆ ಸಾಮಾನಿನ ಬಾಡಿಗೆ, ಬಡಿಸುವವರು, ತೊಳೆಯುವವರು, ಗ್ಯಾಸು ಎಲ್ಲ ಬೇರೆ. ಊರಿನಿಂದ ದೂರ, ಪೇಟೆಯ ಮಂಟಪದಲ್ಲಿ, ಮದುಮಗಳ ತಂದೆಯಾಗಿ ನೀವು ಇದನ್ನೆಲ್ಲ ಹಿಡಿಯಲು ಆಗುವುದಿಲ್ಲ.

ಹಾಗಾಗಿ ಮೂರು ಹೊತ್ತನ್ನೂ ಒಬ್ಬರಿಗೇ ಕಂತ್ರಾಟು ಕೊಡಿ. ಆದರೆ ರೊಟ್ಟಿ, ಹಿಂಡಿ, ತೊಗರಿಬೇಳೆ ನಮ್ಮದು ಅಂತ ಹೇಳಿ ರೇಟು ಕಡಿಮೆ ಮಾಡಿಸಿ. ಖಡಕ್ ರೊಟ್ಟಿ ವಾರ ಮೊದಲೇ ಮಾಡಿಟ್ಟರೂ ಕೆಡುವುದಿಲ್ಲ. ತಲೆಗೆ ಎರಡು ಅಂದರೆ 2,500 ರೊಟ್ಟಿ. ಕಿಲೋ ಹಿಟ್ಟಿಗೆ ಹನ್ನೆರಡು ಬಂದರೆ ಎರಡು ಕ್ವಿಂಟಲ್ ಜೋಳದ ಮೇಲೆ ಸ್ವಲ್ಪ. ಊರಲ್ಲಿ ಓಣಿಯ ಮನೆಮನೆಗೆ ಹಿಟ್ಟು ಕೊಟ್ಟು ರೊಟ್ಟಿ ತಟ್ಟಿಸಿಕೊಳ್ಳುವ ಪದ್ಧತಿ ಇನ್ನೂ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ 'ಕಲಬುರಗಿ ರೊಟ್ಟಿ' ಹೆಸರಿನಲ್ಲಿ ಮಹಿಳಾ ಸಂಘಗಳು ಮಾಡಿ ಮಾರುತ್ತಿವೆ, ಮುಂಚೆ ಹೇಳಿಟ್ಟರೆ ಆಯಿತು. ತೊಗರಿಯನ್ನು ಹಾಗೇ ಕೊಡಬೇಡಿ, ದಾಲ್ ಮಿಲ್ಲಿನಲ್ಲಿ ಒಡೆಸಿ. ಕ್ವಿಂಟಲ್‌ಗೆ 70 ಕಿಲೋ ಆಸುಪಾಸು ಬೇಳೆ ಬರುತ್ತದೆ. ನಮ್ಮ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಮಾಲಿಗೆ ಸಿಗುವ ಭೌಗೋಳಿಕ ಗುರುತು) ಸಿಕ್ಕಿದೆ. ಆ ರುಚಿಯ ಬೇಳೆ ಮನೆಯಲ್ಲಿಟ್ಟುಕೊಂಡು ಕೇಟರಿಂಗ್‌ನವರ ಗೋಣಿಚೀಲದ ಬೇಳೆಗೆ ದುಡ್ಡು ಯಾಕೆ ಕೊಡಬೇಕು? ಹಿಂದಿನ ರಾತ್ರಿಯ ಊಟವನ್ನು ಇದರಲ್ಲೇ ಮುಗಿಸಿ. ರೊಟ್ಟಿ, ಝುಣಕ, ಪುಂಡಿ ಪಲ್ಯ, ಅನ್ನ, ಬೇಳೆ, ಒಂದು ಶಿರಾ. ಬೆಳಿಗ್ಗೆ ಸುಸಲಾ (ಮಂಡಕ್ಕಿ ಒಗ್ಗರಣೆ), ಭಜಿ, ಚಹಾ. ಮನೆಯ ಮಾಲಿಗೂ ಗಂಜ್ ರೇಟು ಹಾಕಿ ಖರ್ಚಿನಲ್ಲಿ ಬರೆಯಿರಿ. ಮಾರಿದ್ದರೆ ಬರುತ್ತಿದ್ದ ದುಡ್ಡು ಅದು.

ಕಡಲೆಬೇಳೆಯ ಅಂದಾಜೂ ಹೇಳಿಬಿಡುತ್ತೇನೆ, ಅವರು ಬಾಯಿಗೆ ಬಂದ ಸಂಖ್ಯೆ ಹೇಳಿದರೆ ನಿಮಗೆ ಗೊತ್ತಾಗಲಿ. ಕಿಲೋ ಬೇಳೆ, ಕಿಲೋ ಬೆಲ್ಲಕ್ಕೆ ಮಧ್ಯಮ ಸೈಜಿನ ಹೋಳಿಗೆ ನಲವತ್ತರ ಸುಮಾರು. ತಲೆಗೆ ಒಂದೂವರೆ ಹಿಡಿದರೆ 50 ಕಿಲೋ ಬೇಳೆ ಸಾಕು. ರೊಟ್ಟಿ, ಹೋಳಿಗೆ ಇರುವ ಊಟದಲ್ಲಿ ನೂರು ಜನಕ್ಕೆ ಎಂಟರಿಂದ ಹತ್ತು ಕಿಲೋ ಅಕ್ಕಿ. ಅದಕ್ಕಿಂತ ಜಾಸ್ತಿ ಬೇಯಿಸಿದರೆ ಉಳಿಯುತ್ತದೆ.

ಬೇಸಿಗೆಯ ಖರ್ಚು ಬೇರೆಯೇ. ಏಪ್ರಿಲ್ ಕೊನೆಗೆ ಕಲಬುರಗಿಯಲ್ಲಿ 42, 43 ಡಿಗ್ರಿ ದೊಡ್ಡ ಸುದ್ದಿ ಏನಲ್ಲ. ಜನ ಊಟಕ್ಕಿಂತ ಮೊದಲು ನೀರು ಕೇಳುತ್ತಾರೆ. ಸಣ್ಣ ಬಾಟಲಿ ಹಂಚಿದರೆ ಎರಡು ಗುಟುಕು ಕುಡಿದು ಬಿಟ್ಟ ಬಾಟಲಿಗಳೇ ಕಾಲಿಗೆ ಸಿಗುತ್ತವೆ. 20 ಲೀಟರ್ ಕ್ಯಾನು ತರಿಸಿ, ತಲೆಗೆ ಒಂದು ಲೀಟರ್ ಮೇಲೆ ಸ್ವಲ್ಪ, ಒಂದು 75 ಕ್ಯಾನು. ಜಗ್ ಹಿಡಿದು ಓಡಾಡಲು ನಾಲ್ಕು ಹುಡುಗರಿರಲಿ. ಬಾಗಿಲಲ್ಲೇ ಮಜ್ಜಿಗೆ ಇಡಿ. ಮೀನು ಇಡುವ ಐಸ್ ಅದಕ್ಕೆ ಬೀಳದಂತೆ ನೋಡಿ, ಕ್ಯಾನನ್ನೇ ತಣ್ಣಗೆ ಮಾಡಿ ತರಿಸಿ. ಬಾಸುಂದಿ, ರಸಮಲಾಯಿಯಂಥ ಹಾಲಿನ ಸಿಹಿ, ಹಸಿ ಕೊಬ್ಬರಿ ಚಟ್ನಿ ಈ ಬಿಸಿಲಿಗೆ ಬೇಡವೇ ಬೇಡ. ಬಿಸಿ ಅಡುಗೆ ಬಡಿಸುವ ತನಕ ಬಿಸಿಯಾಗಿಯೇ ಇರಬೇಕು ಅನ್ನುವುದು ಆಹಾರ ಸುರಕ್ಷತೆಯ ನಿಯಮ. ಅಂದರೆ ಬೆಳಿಗ್ಗೆ ಹತ್ತಕ್ಕೇ ಎಲ್ಲ ಅನ್ನ ಮಾಡಿ ಮುಚ್ಚಿಡುವುದಲ್ಲ, ಪಂಕ್ತಿ ಪಂಕ್ತಿಗೆ ಹಂಡೆ ಇಳಿಸಬೇಕು. ಕೇಟರಿಂಗ್‌ನವರಿಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ಅಥವಾ ನೋಂದಣಿ ಇದೆಯಾ ಅಂತ ಕೇಳಿ. ಗ್ಯಾಸು 19 ಕಿಲೋದ ಕಮರ್ಷಿಯಲ್ ಸಿಲಿಂಡರೇ ಆಗಬೇಕು. ಮನೆಯ 14.2 ಕಿಲೋದ ಸಿಲಿಂಡರ್ ಕೊಡಿ ಅಂತ ಕೇಳಿದರೆ ಕೊಡಬೇಡಿ, ಕೇಟರಿಂಗ್‌ಗೆ ಅದನ್ನು ಬಳಸುವಂತಿಲ್ಲ.

ಈಗ ಲೆಕ್ಕ ಮತ್ತೆ ಹಾಕೋಣ. ಐಟಂ ಕಡಿಮೆ, ರೊಟ್ಟಿ ಮತ್ತು ಬೇಳೆ ನಿಮ್ಮದು, ಹಾಗಾಗಿ ಪ್ಲೇಟು 190ಕ್ಕೆ ಇಳಿಯಿತು ಅನ್ನಿ. 1,250ಕ್ಕೆ 2,37,500. ರಾತ್ರಿ 300 ಜನಕ್ಕೆ 90ರಂತೆ 27,000. ನಾಷ್ಟಾ 40ರಂತೆ 12,000. ಜಿಎಸ್‌ಟಿ 13,825. ನೀರು, ಎಲೆ ಅಡಿಕೆ, ಬುತ್ತಿಗೆ 20,000. ಒಟ್ಟು 3,10,325. ಕೈಯಲ್ಲಿ 39,675 ಉಳಿಯುತ್ತದೆ. ಮನೆಯ ಮಾಲಿನ ಬೆಲೆ ಇದರಲ್ಲೇ ಬರೆದುಕೊಳ್ಳಿ. 1,400 ಜನ ಬಂದೇಬಿಟ್ಟರೂ ಹೊರಗೆ ಕೊಡುವ ದುಡ್ಡು 3,40,250, ಸಾಲ ಮಾಡುವ ಪ್ರಸಂಗ ಬರುವುದಿಲ್ಲ.

ಒಪ್ಪಂದ ಬಾಯಿಮಾತಿನಲ್ಲಿ ಬೇಡ, ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಐಟಂ, ಮೂರೂ ಹೊತ್ತಿನ ಸಂಖ್ಯೆ, ಬಡಿಸುವವರು ಎಷ್ಟು, ಜಿಎಸ್‌ಟಿ ರೇಟಿನಲ್ಲೇ ಇದೆಯಾ ಹೊರಗಾ, ಗ್ಯಾಸು ಯಾರದು, ಎಲ್ಲ ಇರಲಿ. ಮಂಟಪದವರನ್ನೂ ಕೇಳಿಬಿಡಿ. ಕೆಲವು ಕಡೆ ಹೊರಗಿನ ಅಡುಗೆಯವರು ಬಂದರೆ ಬೇರೆ ದುಡ್ಡು ಕೇಳುತ್ತಾರೆ, ಕೆಲವು ಕಡೆ ಒಳಗೇ ಬಿಡುವುದಿಲ್ಲ. ರುಚಿ ನೋಡಲು ನಿಮ್ಮ ಮನೆಗೆ ನಾಲ್ಕು ಡಬ್ಬಿ ತರಿಸಬೇಡಿ. ಡಬ್ಬಿಗೆ ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ. ಅವರು ಅಡುಗೆ ಮಾಡುತ್ತಿರುವ ಬೇರೊಂದು ಮದುವೆಗೆ, ಮಧ್ಯಾಹ್ನ ಎರಡೂವರೆಗೆ, ಕೊನೆಯ ಪಂಕ್ತಿಯ ಹೊತ್ತಿಗೆ ಹೋಗಿ ನಿಂತು ನೋಡಿ. ಆ ಹೊತ್ತಿನಲ್ಲಿ ಎಣ್ಣೆಗಾಯಿ ಇನ್ನೂ ಇದೆಯಾ, ಅನ್ನ ಬಿಸಿ ಇದೆಯಾ, ಸಾರಿಗೆ ನೀರು ಬಿದ್ದಿದೆಯಾ ನೋಡಿದರೆ ಸಾಕು.

ಮುಂಗಡ ಕಾಲು ಭಾಗಕ್ಕಿಂತ ಜಾಸ್ತಿ ಕೊಡಬೇಡಿ. ಹಿಂದಿನ ದಿನ ಸಾಮಾನು ಇಳಿದ ಮೇಲೆ ಅರ್ಧದ ತನಕ ಕೊಡಿ. ಉಳಿದದ್ದು ತಾಟಿನ ಲೆಕ್ಕ ಮುಗಿದ ಮೇಲೆ, ಅಂದೇ ಸಂಜೆ. ಆದರೆ ದುಡ್ಡು ನಿಮ್ಮ ಜೇಬಿನಲ್ಲಿ ಇರಬಾರದು. ಮಗಳನ್ನು ಕಳಿಸುವ ಹೊತ್ತಿಗೇ ಅವರು ಬಿಲ್ಲು ಹಿಡಿದು ಬರುತ್ತಾರೆ, ಆಗ ಯಾವ ತಂದೆಯೂ ಲೆಕ್ಕ ನೋಡುವುದಿಲ್ಲ. ತಾಟು ಎಣಿಸಿದ ಹುಡುಗನ ಜೊತೆ ಕೂತು ಲೆಕ್ಕ ತೀರಿಸುವ ಜವಾಬ್ದಾರಿಯನ್ನು ತಮ್ಮನಿಗೋ ಭಾವನಿಗೋ ಬೆಳಿಗ್ಗೆಯೇ ಒಪ್ಪಿಸಿ, ಒಪ್ಪಂದದ ಹಾಳೆಯನ್ನೂ ಅವರ ಕೈಗೇ ಕೊಡಿ.